ನೂರು ಅಂಡಾಣು, ಹದಿನೈದೇ ಭ್ರೂಣ: ಜಾನುವಾರು ಭ್ರೂಣ ಪ್ರಯೋಗಾಲಯದ ಇಳುವರಿ ಹೆಚ್ಚಿಸುವ ಸಮಗ್ರ ಮಾರ್ಗದರ್ಶಿ

ಹಸುವಿನ 100 ಒಳ್ಳೆಯ ಅಂಡಾಣುಗಳನ್ನು ಪಕ್ವತೆಗೆ ಇಟ್ಟರೆ 80ರಿಂದ 90 ಪಕ್ವವಾಗುತ್ತವೆ. ವೀರ್ಯಾಣು ಸೇರಿಸಿ 48 ಗಂಟೆಯಾದಾಗ 70ರಿಂದ 80 ವಿಭಜನೆ ತೋರಿಸುತ್ತವೆ. ಏಳನೆಯ ದಿನ ಬ್ಲಾಸ್ಟೊಸಿಸ್ಟ್ ಹಂತ, ಅಂದರೆ ಒಳಗೆ ದ್ರವದ ಕುಳಿ ಮೂಡಿ ವರ್ಗಾವಣೆಗೆ ಸಿದ್ಧವಾದ ಹಂತ, ಮುಟ್ಟುವುದು 30ರಿಂದ 40 ಮಾತ್ರ. ಚೆನ್ನಾಗಿ ನಡೆಯುವ ಪ್ರಯೋಗಾಲಯದ ಲೆಕ್ಕವೇ ಇಷ್ಟು. ಇದು 15ಕ್ಕೆ ಕುಸಿದಾಗ ಹೆಚ್ಚಿನವರು ಮೊದಲು ಮಾಡುವ ಕೆಲಸ ಮೀಡಿಯಾ, ಅಂದರೆ ಬೆಳೆಸುವ ಪೋಷಕ ದ್ರವ, ಬದಲಿಸುವುದು. ಆಮೇಲೆ ಹಾರ್ಮೋನು, ಆಮೇಲೆ ಹೋರಿ. ಮೂರು ತಿಂಗಳಾದ ಮೇಲೆ ಯಾವುದರಿಂದ ಕೆಟ್ಟಿತು, ಯಾವುದರಿಂದ ಸರಿಹೋಯಿತು ಎಂದು ಯಾರಿಗೂ ಗೊತ್ತಿರುವುದಿಲ್ಲ.

ಸೋರುವ ಕೊಡಕ್ಕೆ ನೀರು ಸುರಿಯುವ ಮೊದಲು ತೂತು ಎಲ್ಲಿದೆ ಎಂದು ನೋಡಬೇಕು. ಈ ಮಾರ್ಗದರ್ಶಿ ಆ ಕ್ರಮದಲ್ಲೇ ಸಾಗುತ್ತದೆ. ಅಳತೆಗಳೆಲ್ಲ ಹಸುವಿಗೆ ಹೊಂದುವಂಥವು. ಎಮ್ಮೆಯ ವ್ಯತ್ಯಾಸ ಬಂದ ಕಡೆ ಹೇಳಿದೆ.

ಮೊದಲ ಹೆಜ್ಜೆ: ಐದು ಎಣಿಕೆಗಳು

ಪ್ರತಿ ಬ್ಯಾಚಿಗೂ ಈ ಐದು ಸಂಖ್ಯೆ ಬರೆದಿಡಿ: ಸಿಕ್ಕ ಅಂಡಾಣುಗಳೆಷ್ಟು ಮತ್ತು ಅವುಗಳ ದರ್ಜೆ, ಪಕ್ವವಾದವು ಎಷ್ಟು, ಸರಿಯಾಗಿ ಫಲಿತವಾದವು ಎಷ್ಟು, 48 ಗಂಟೆಗೆ ವಿಭಜನೆಯಾದವು ಎಷ್ಟು, 7 ಮತ್ತು 8ನೆಯ ದಿನದ ಬ್ಲಾಸ್ಟೊಸಿಸ್ಟ್ ಎಷ್ಟು. ವೀರ್ಯಾಣು ಸೇರಿಸಿದ ದಿನವನ್ನೇ ಸೊನ್ನೆ ದಿನ ಎಂದು ಹಿಡಿಯಿರಿ. ಬ್ಲಾಸ್ಟೊಸಿಸ್ಟ್ ಪ್ರಮಾಣವನ್ನು ಪಕ್ವತೆಗೆ ಇಟ್ಟ ಅಂಡಾಣುಗಳ ಮೇಲೆ ಲೆಕ್ಕ ಹಾಕಬೇಕು. ವಿಭಜನೆಯಾದವುಗಳ ಮೇಲೆ ಲೆಕ್ಕ ಹಾಕಿದರೆ ಅಂಕಿ ದೊಡ್ಡದಾಗಿ ಕಾಣುತ್ತದೆ, ರೋಗ ಮುಚ್ಚಿಹೋಗುತ್ತದೆ.

ಈ ಸಂಖ್ಯೆಗಳನ್ನು ಓದುವ ಬಗೆ ಹೀಗೆ. ವಿಭಜನೆಯೇ ಕಡಿಮೆ ಇದ್ದರೆ ತೊಂದರೆ ಪಕ್ವತೆಯಲ್ಲಿ ಅಥವಾ ವೀರ್ಯಾಣುವಿನಲ್ಲಿದೆ. ವಿಭಜನೆ 80 ಶೇಕಡ ಇದ್ದೂ ಭ್ರೂಣಗಳು 8ರಿಂದ 16 ಕೋಶಗಳ ನಡುವೆ ನಿಂತುಬಿಟ್ಟರೆ ಅಂಡಾಣುವಿನ ಗುಣವನ್ನೂ ಬೆಳೆಸುವ ವಾತಾವರಣವನ್ನೂ (ಆಮ್ಲಜನಕ, ಹನಿ ಮುಚ್ಚುವ ಎಣ್ಣೆ, ಪಿಎಚ್) ಅನುಮಾನಿಸಿ. ಹಸುವಿನ ಭ್ರೂಣ ತನ್ನದೇ ಜೀನ್‌ಗಳನ್ನು ದೊಡ್ಡ ಪ್ರಮಾಣದಲ್ಲಿ ಓದಲು ಶುರುಮಾಡುವುದು ಈ ಹಂತದಲ್ಲೇ. ಅಲ್ಲಿಯತನಕ ಅದು ಅಂಡಾಣುವಿನಲ್ಲಿ ತಾಯಿ ತುಂಬಿಟ್ಟ ಸರಕಿನ ಮೇಲೆ ಬದುಕಿರುತ್ತದೆ. ಅದಕ್ಕೇ ಬಡಕಲು ಅಂಡಾಣು ಕೂಡ ಎರಡಾಗಿ, ನಾಲ್ಕಾಗಿ ಒಡೆದು ನಮ್ಮನ್ನು ನಂಬಿಸುತ್ತದೆ.

ಇನ್ನೊಂದು ಮಾತನ್ನು ಗೋಡೆಯ ಮೇಲೆ ಬರೆದು ಹಾಕಿಕೊಳ್ಳಬಹುದು. ಎಷ್ಟು ಬ್ಲಾಸ್ಟೊಸಿಸ್ಟ್ ಸಿಗುತ್ತವೆ ಎಂಬುದನ್ನು ಬಹುಮಟ್ಟಿಗೆ ಅಂಡಾಣುವಿನ ಗುಣ ನಿರ್ಧರಿಸುತ್ತದೆ; ಸಿಕ್ಕ ಬ್ಲಾಸ್ಟೊಸಿಸ್ಟ್ ಎಷ್ಟು ಗಟ್ಟಿ, ಘನೀಕರಣ ತಡೆಯುತ್ತದೆಯೋ ಇಲ್ಲವೋ ಎಂಬುದನ್ನು ಬೆಳೆಸಿದ ವಾತಾವರಣ ನಿರ್ಧರಿಸುತ್ತದೆ. ಸಂಖ್ಯೆ ಕಡಿಮೆ ಎಂದು ಬೆಳೆಸುವ ಮೀಡಿಯಾ ಬದಲಿಸುವವರು ಬಹಳ ಸಲ ತಪ್ಪು ಬಾಗಿಲು ತಟ್ಟುತ್ತಿರುತ್ತಾರೆ.

ಎರಡನೆಯ ಹೆಜ್ಜೆ: ಶಾಖ, ಅನಿಲ, ನೀರು, ಎಣ್ಣೆ

ಜೀವಶಾಸ್ತ್ರಕ್ಕೆ ಕೈ ಹಾಕುವ ಮೊದಲು ಯಂತ್ರಗಳನ್ನು ನೋಡಿ.

ಇನ್‌ಕ್ಯುಬೇಟರ್‌ನ ಪರದೆ 38.5 ಡಿಗ್ರಿ ಸೆಲ್ಸಿಯಸ್ ತೋರಿಸಿದರೆ ಅದು ಸಂವೇದಕ ಇರುವ ಜಾಗದ ಶಾಖ, ಅಂಡಾಣು ಇರುವ ನಿಮ್ಮ ಮೀಡಿಯಾ ಹನಿಯದಲ್ಲ. ತೆಳುವಾದ ಥರ್ಮೋಕಪಲ್ ತಂತಿಯನ್ನು ಎಣ್ಣೆಯಡಿಯ ಹನಿಯೊಳಕ್ಕೇ ಇಳಿಸಿ, ಪ್ರತಿ ತಟ್ಟೆಯಲ್ಲೂ ಹಿಂದೆ ಮುಂದೆ ಅಳೆಯಿರಿ. ಸೂಕ್ಷ್ಮದರ್ಶಕದ ಬಿಸಿ ವೇದಿಕೆಯಲ್ಲೂ ಹೀಗೇ ಮಾಡಿ. ಪ್ಲಾಸ್ಟಿಕ್ ಡಿಷ್‌ನ ತಳಕ್ಕೂ ವೇದಿಕೆಗೂ ನಡುವೆ ಗಾಳಿಯ ಪದರ ಇರುವುದರಿಂದ, ಹನಿಯಲ್ಲಿ 38 ಬರಬೇಕಾದರೆ ವೇದಿಕೆಯನ್ನು ಅದಕ್ಕಿಂತ ಒಂದೆರಡು ಡಿಗ್ರಿ ಮೇಲಕ್ಕೆ ಇಡಬೇಕಾಗಬಹುದು. ಕೋಣೆಯ ಎಸಿ ಗಾಳಿ ನೇರವಾಗಿ ವೇದಿಕೆಗೆ ಬಡಿಯುತ್ತಿದ್ದರೆ ಈ ಲೆಕ್ಕವೂ ನಿಲ್ಲುವುದಿಲ್ಲ. ಅಂಡಾಣುವಿನ ವರ್ಣತಂತುಗಳನ್ನು ಹಿಡಿದಿರುವ ಕದಿರು ತಂಪಿಗೆ ಬೇಗ ಚದುರುತ್ತದೆ. ಅತ್ತ 40 ದಾಟಿದರೆ ಶಾಖದ ಆಘಾತ.

ಕಾರ್ಬನ್ ಡೈಆಕ್ಸೈಡ್ ಬೇಕಿರುವುದು ಪಿಎಚ್ ಕಾಯಲಿಕ್ಕೆ. ಬೈಕಾರ್ಬನೇಟ್ ಇರುವ ಮೀಡಿಯಾದ ಪಿಎಚ್ 7.2ರಿಂದ 7.4ರ ಒಳಗೆ ಇರಬೇಕು. 5 ಶೇಕಡ ಎಂಬ ಅಂಕಿ ಸಮುದ್ರ ಮಟ್ಟದ್ದು ಎಂಬುದನ್ನು ಎಲ್ಲರೂ ಮರೆಯುತ್ತಾರೆ. ಅಲ್ಲಿ ಗಾಳಿಯ ಒತ್ತಡ 760 ಮಿಲಿಮೀಟರ್ ಪಾದರಸ; ನೀರಾವಿಯ ಸುಮಾರು 50 ಕಳೆದರೆ 710; ಅದರ 5 ಶೇಕಡ 35.5. ಸುಮಾರು 900 ಮೀಟರ್ ಎತ್ತರದಲ್ಲಿ ಒತ್ತಡ 680ರ ಆಸುಪಾಸು. ನೀರಾವಿ ಕಳೆದರೆ 630. ಅದೇ 35.5 ಸಿಗಬೇಕಾದರೆ 5.6 ಶೇಕಡ ಇಡಬೇಕು. ಎತ್ತರದ ಊರಿನಲ್ಲಿ 5ಕ್ಕೇ ಬಿಟ್ಟರೆ ಮೀಡಿಯಾ ಸದಾ ಸ್ವಲ್ಪ ಕ್ಷಾರದ ಕಡೆ ವಾಲಿರುತ್ತದೆ. ಅನಿಲದ ಪ್ರಮಾಣವನ್ನು ಹೊರಗಿನ ಇನ್‌ಫ್ರಾರೆಡ್ ವಿಶ್ಲೇಷಕದಿಂದ ವಾರಕ್ಕೊಮ್ಮೆ ಪರೀಕ್ಷಿಸಿ.

ಹೆಪಿಸ್ ಎಂಬ, ಹೊರಗಿನ ಗಾಳಿಯಲ್ಲೂ ಪಿಎಚ್ ಕಾಯುವ ರಾಸಾಯನಿಕ ಹಾಕಿದ ಮೀಡಿಯಾ ಇನ್‌ಕ್ಯುಬೇಟರ್ ಹೊರಗಿನ ಕೆಲಸಕ್ಕೆ. ಅದನ್ನು ಒಳಗಿಟ್ಟರೆ ಹುಳಿಯಾಗುತ್ತದೆ. ಬೈಕಾರ್ಬನೇಟ್ ಮೀಡಿಯಾ ಒಳಗಿನ ಕೆಲಸಕ್ಕೆ. ಹೊರಗೆ ಕೆಲವು ನಿಮಿಷ ಬಿಟ್ಟರೆ ಫೀನಾಲ್ ರೆಡ್ ಕೆನ್ನೇರಳೆಗೆ ತಿರುಗುವುದು ಕಣ್ಣಿಗೇ ಕಾಣುತ್ತದೆ. ಹೊಸಬರು ಎರಡು ಬಾಟಲಿಯನ್ನು ಅದಲುಬದಲು ಮಾಡುವುದು ಸಾಮಾನ್ಯ, ಮುಚ್ಚಳಕ್ಕೆ ಬೇರೆ ಬೇರೆ ಬಣ್ಣದ ಟೇಪು ಹಚ್ಚಿ.

ಹನಿ ಹಾಕುವ ರೀತಿಯಲ್ಲೂ ತಪ್ಪಾಗುತ್ತದೆ. ಬಿಸಿ ವೇದಿಕೆಯ ಮೇಲೆ, ಗಾಳಿ ಬೀಸುವ ಕ್ಯಾಬಿನೆಟ್‌ನಲ್ಲಿ ಹತ್ತು ಡಿಷ್‌ಗೆ ಹನಿ ಹಾಕಿ ಕೊನೆಗೆ ಒಟ್ಟಿಗೆ ಎಣ್ಣೆ ಸುರಿದರೆ ಮೊದಲ ಡಿಷ್‌ನ ಹನಿಗಳಲ್ಲಿ ನೀರು ಆರಿ ಲವಣ ಮಂದವಾಗಿರುತ್ತದೆ. ಭ್ರೂಣಕ್ಕೆ ಬೇಕಾದ ಆಸ್ಮೊಲಾರಿಟಿ, ಅಂದರೆ ಕರಗಿದ ವಸ್ತುಗಳ ಸಾಂದ್ರತೆ, 270ರಿಂದ 280 ಮಿಲಿಆಸ್ಮೋಲ್‌ನಷ್ಟು. ಸಣ್ಣ ಹನಿ ಅದನ್ನು ದಾಟಲು ಹೆಚ್ಚು ಹೊತ್ತು ಬೇಕಿಲ್ಲ. ತಣ್ಣನೆಯ ಮೇಲ್ಮೈ ಮೇಲೆ ಒಂದು ಡಿಷ್‌ಗೆ ಹನಿ ಹಾಕಿ, ಕೂಡಲೇ ಎಣ್ಣೆ ಮುಚ್ಚಿ, ಮುಂದಿನದಕ್ಕೆ ಹೋಗಿ. ಎಣ್ಣೆ ಮುಚ್ಚಿದ ಡಿಷ್ ಅನಿಲಕ್ಕೆ ಹದವಾಗಲು ಕನಿಷ್ಠ 4 ಗಂಟೆ ಬೇಕು, ಹಿಂದಿನ ರಾತ್ರಿಯೇ ಇಟ್ಟರೆ ಇನ್ನೂ ಒಳ್ಳೆಯದು.

ಎಣ್ಣೆಯಷ್ಟು ಸದ್ದಿಲ್ಲದೆ ಕೊಲ್ಲುವ ವಸ್ತು ಈ ಕೋಣೆಯಲ್ಲಿ ಬೇರೊಂದಿಲ್ಲ. ಮಿನರಲ್ ಆಯಿಲ್ ಬೆಳಕು ಮತ್ತು ಬಿಸಿಗೆ ಸಿಕ್ಕಿ ಪೆರಾಕ್ಸೈಡ್ ಕಟ್ಟಿಕೊಳ್ಳುತ್ತದೆ. ನೋಡಲಿಕ್ಕೆ, ಮೂಸಲಿಕ್ಕೆ ಏನೂ ಗೊತ್ತಾಗದು. ಕತ್ತಲಲ್ಲಿ, ತಂಪಿನಲ್ಲಿ ಇಡಿ; ಬಾಟಲಿ ತೆರೆದ ದಿನಾಂಕ ಬರೆಯಿರಿ; ಹೊಸ ಲಾಟ್ ಬಂದರೆ ಹಳೆಯದು ಮುಗಿಯುವ ಮೊದಲೇ ಎರಡನ್ನೂ ಪಕ್ಕಪಕ್ಕ ಒಂದೇ ಗುಂಪಿನ ಭ್ರೂಣಗಳ ಮೇಲೆ ಪರೀಕ್ಷಿಸಿ. ಸೀರಮ್, ಆಲ್ಬುಮಿನ್, ಡಿಷ್‌ಗಳಿಗೂ ಇದೇ ನಿಯಮ. ಆಲ್ಬುಮಿನ್‌ನಲ್ಲಿ ಒಂದು ಲಾಟ್‌ಗೂ ಇನ್ನೊಂದಕ್ಕೂ ಅಜಗಜಾಂತರ ಇರಬಹುದು. ಒಳ್ಳೆಯದು ಸಿಕ್ಕಿದಾಗ ಒಂದು ವರ್ಷಕ್ಕೆ ಆಗುವಷ್ಟು ತೆಗೆದಿಡುವುದು ಜಾಣತನ.

ಮೀಡಿಯಾಕ್ಕೆ ಬಳಸುವ ನೀರಿನ ರೋಧ 18.2 ಮೆಗಾಓಮ್-ಸೆಂಟಿಮೀಟರ್ ಇರಬೇಕು. ಆದರೆ ಆ ಅಂಕಿ ಅಯಾನುಗಳಿಲ್ಲ ಎಂದಷ್ಟೇ ಹೇಳುತ್ತದೆ, ಬ್ಯಾಕ್ಟೀರಿಯಾದ ವಿಷವಾದ ಎಂಡೋಟಾಕ್ಸಿನ್ ಇಲ್ಲ ಎಂದಲ್ಲ. ಅನುಮಾನವಿದ್ದರೆ ಒಂದು ಬ್ಯಾಚನ್ನು ಕೊಂಡ ಕೋಶಕೃಷಿ ದರ್ಜೆಯ ನೀರಿನಲ್ಲಿ ಮಾಡಿ ಹೋಲಿಸಿ. ಕೋಣೆಯೊಳಗೆ ಸೆಂಟು, ಸ್ಪಿರಿಟ್, ಹೊಸ ಪೇಂಟಿನ ವಾಸನೆ ಕೂಡದು. ಆ ಆವಿಗಳು ಎಣ್ಣೆಯಲ್ಲಿ ಕರಗಿ ಕೂರುತ್ತವೆ.

ಮೂರನೆಯ ಹೆಜ್ಜೆ: ಅಂಡಾಣು ತೆಗೆಯುವುದು

ಕಸಾಯಿಖಾನೆಯ ಅಂಡಾಶಯಗಳಾದರೆ 0.9 ಶೇಕಡ ಉಪ್ಪುನೀರಿನಲ್ಲಿ, ಆಂಟಿಬಯೋಟಿಕ್ ಹಾಕಿ, 30ರಿಂದ 35 ಡಿಗ್ರಿಯಲ್ಲಿ ಥರ್ಮಸ್‌ನಲ್ಲಿ ತನ್ನಿ. 4 ಗಂಟೆಯೊಳಗೆ ಕೆಲಸ ಶುರುವಾಗಲಿ. ತಂದ ಮೇಲೆ ಅದೇ ಶಾಖದ ಉಪ್ಪುನೀರಿನಲ್ಲಿ ಮೂರು ಸಲ ತೊಳೆದು, 18 ಗೇಜ್ ಸೂಜಿಯಿಂದ 2ರಿಂದ 8 ಮಿಲಿಮೀಟರ್ ಫಾಲಿಕಲ್‌ಗಳನ್ನು (ಅಂಡಾಣು ಇರುವ ದ್ರವಕೋಶಗಳನ್ನು) ಮಾತ್ರ ಹೀರಿ. ತೀರ ಸಣ್ಣ ಫಾಲಿಕಲ್‌ನ ಅಂಡಾಣು ಪಕ್ವವಾದರೂ ಬ್ಲಾಸ್ಟೊಸಿಸ್ಟ್ ಆಗುವ ಶಕ್ತಿ ಪಡೆದಿರುವುದಿಲ್ಲ.

ಜೀವಂತ ದಾನಿ ಹಸುವಿನಿಂದ ಅಲ್ಟ್ರಾಸೌಂಡ್ ನೋಡಿಕೊಂಡು ಯೋನಿಯ ಮೂಲಕ ಸೂಜಿ ಹಾಕಿ ಹೀರುವ ಓಪಿಯು ವಿಧಾನದಲ್ಲಿ ಎಲ್ಲವೂ ನಿರ್ವಾತದ ಒತ್ತಡದ ಮೇಲೆ ನಿಂತಿದೆ. ಪಂಪ್‌ನ ಒತ್ತಡಮಾಪಕದ ಅಂಕಿಯನ್ನು ಬೇರೆ ಪ್ರಯೋಗಾಲಯದಿಂದ ನಕಲು ಮಾಡಬೇಡಿ. ಸೂಜಿಯ ಒಳವ್ಯಾಸ, ಕೊಳವೆಯ ಉದ್ದ ಬೇರೆಯಾದರೆ ಅದೇ ಒತ್ತಡಕ್ಕೆ ಹರಿವೂ ಬೇರೆ. ಸೂಜಿಯ ತುದಿಯನ್ನು ನೀರಿನಲ್ಲಿಟ್ಟು ಒಂದು ನಿಮಿಷ ಹೀರಿಸಿ ಅಳೆಯಿರಿ. 15ರಿಂದ 20 ಮಿಲಿ ಬಂದರೆ ಸಾಕು. ಬೆತ್ತಲೆ ಅಂಡಾಣುಗಳು, ಅಂದರೆ ಸುತ್ತಲ ಕ್ಯುಮುಲಸ್ ಕೋಶ ಕಳಚಿದವು, ಹೆಚ್ಚು ಬರುತ್ತಿದ್ದರೆ ಹರಿವು ಜಾಸ್ತಿಯಾಗಿದೆ ಎಂದರ್ಥ. ಅಂಡಾಣುಗಳೇ ಬರುತ್ತಿಲ್ಲವಾದರೆ ಮೊದಲು ಸೂಜಿಯ ಮೊನೆ ನೋಡಿ. ಮೊಂಡಾದ ಸೂಜಿ ಫಾಲಿಕಲ್ ಗೋಡೆಯನ್ನು ಒತ್ತಿ ಸರಿಸುತ್ತದೆ, ಚುಚ್ಚುವುದಿಲ್ಲ, ಮೇಲಾಗಿ ರಕ್ತ ಬರಿಸುತ್ತದೆ. ಪ್ರತಿ ದಾನಿಗೆ ಹೊಸ ಸೂಜಿ ಬಳಸಿ. ರೋಗ ದಾಟದಿರಲಿಕ್ಕೂ ಅದು ಬೇಕು. ಸಂಗ್ರಹ ದ್ರವಕ್ಕೆ ಮಿಲಿಗೆ 10 ಯೂನಿಟ್ ಹೆಪಾರಿನ್ ಇರಲಿ, ರಕ್ತ ಹೆಪ್ಪುಗಟ್ಟಿದರೆ ಅಂಡಾಣುಗಳು ಅದರೊಳಗೇ ಸಿಕ್ಕಿಬೀಳುತ್ತವೆ. ಸೋಸುವ ಜಾಲರಿಯ ಕಣ್ಣು 70ರಿಂದ 75 ಮೈಕ್ರಾನ್ ಇರಲಿ. ಜಾಲರಿಯನ್ನು ಒಣಗಲು ಬಿಡಬೇಡಿ.

ದಾನಿಗೆ ಫಾಲಿಕಲ್ ಬೆಳೆಸುವ ಹಾರ್ಮೋನು ಎಫ್‌ಎಸ್‌ಎಚ್ ಕೊಟ್ಟು ತೆಗೆಯುವುದಾದರೆ ದೊಡ್ಡ ಫಾಲಿಕಲ್ ಅನ್ನು ಮೊದಲು ಹೀರಿ ತೆಗೆದು, ಸುಮಾರು 36 ಗಂಟೆ ಬಿಟ್ಟು, 12 ಗಂಟೆಗೊಮ್ಮೆಯಂತೆ ನಾಲ್ಕು ಚುಚ್ಚುಮದ್ದು ಕೊಡಿ. ಪ್ರಮಾಣ ಆಯಾ ಔಷಧದ ಮೇಲೆ ಹೋಗುತ್ತದೆ. ಕೊನೆಯ ಚುಚ್ಚುಮದ್ದಿನ ನಂತರ ಸುಮಾರು 44 ಗಂಟೆ ಸುಮ್ಮನೆ ಕಾಯುವುದೇ ಇಲ್ಲಿನ ಗುಟ್ಟು. ಆ ಬಿಡುವಿನಲ್ಲಿ ಅಂಡಾಣು ಒಳಗಿನ ಸರಕನ್ನು ಜೋಡಿಸಿಕೊಳ್ಳುತ್ತದೆ. ಬೇಗ ತೆಗೆದರೆ ಸಂಖ್ಯೆ ಸಿಗುತ್ತದೆ, ಸತ್ವ ಸಿಗುವುದಿಲ್ಲ.

ದಾನಿಯ ಮೈಕಟ್ಟು, ಮೇವು, ಹವೆ ಇವೆಲ್ಲ ಪ್ರಯೋಗಾಲಯದ ಹೊರಗಿನ ಸಂಗತಿ ಎಂದು ತಳ್ಳಿಹಾಕಬೇಡಿ. ಕರು ಹಾಕಿದ ಹೊಸತರಲ್ಲಿ ಮೈಕೊಬ್ಬು ಕರಗುತ್ತಿರುವ ಹಸುವಿನ ಫಾಲಿಕಲ್ ದ್ರವದಲ್ಲಿ ಕೊಬ್ಬಿನಾಮ್ಲ ಹೆಚ್ಚಿದ್ದು ಅಂಡಾಣುವಿಗೆ ಪೆಟ್ಟಾಗುತ್ತದೆ. ಬಿಸಿಲಿನ ಬೇಗೆಯ ಹಾನಿ ತಂಪು ಬಂದ ಮೇಲೂ ಎರಡು ಮೂರು ಬೆದೆಚಕ್ರ ಉಳಿಯುತ್ತದೆ, ಏಕೆಂದರೆ ಆಗ ಎಳೆಯದಾಗಿದ್ದ ಫಾಲಿಕಲ್‌ಗಳೇ ಈಗ ದೊಡ್ಡವಾಗಿರುವುದು. ಮಳೆ ಬಿದ್ದ ವಾರವೇ ಫಲಿತಾಂಶ ಸುಧಾರಿಸಲಿಲ್ಲವೆಂದು ಮೀಡಿಯಾ ಬದಲಿಸಿದರೆ ಏನು ಪ್ರಯೋಜನ?

ದರ್ಜೆ ಕಟ್ಟುವುದು ಸರಳ. ಐದಕ್ಕಿಂತ ಹೆಚ್ಚು ಪದರ ಒತ್ತೊತ್ತಾದ ಕ್ಯುಮುಲಸ್, ಒಳಗೆ ಸಮನಾದ ದ್ರವ್ಯ ಇದ್ದರೆ ಮೊದಲ ದರ್ಜೆ. ಮೂರರಿಂದ ಐದು ಪದರ ಎರಡನೆಯದು. ಭಾಗಶಃ ಬೆತ್ತಲೆ ಮೂರನೆಯದು. ಪೂರ್ತಿ ಬೆತ್ತಲೆ ಅಥವಾ ಕ್ಯುಮುಲಸ್ ಹರಡಿ ಕಪ್ಪಾದದ್ದು ನಾಲ್ಕನೆಯದು. ಮೊದಲೆರಡು ದರ್ಜೆಯನ್ನು ಡಿಷ್‌ನ ಬೇರೆ ಬಾವಿಯಲ್ಲೂ (ಗುಳಿಯಲ್ಲೂ) ಮೂರನೆಯದನ್ನು ಬೇರೆ ಬಾವಿಯಲ್ಲೂ ಇಡಿ. ಎಮ್ಮೆಯ ಅಂಡಾಣುವಿನಲ್ಲಿ ಕೊಬ್ಬು ಹೆಚ್ಚಿರುವುದರಿಂದ ಅದು ಸ್ವಭಾವದಿಂದಲೇ ಕಪ್ಪು. ಹಸುವಿನ ಕಣ್ಣಳತೆಯಲ್ಲಿ ನೋಡಿ ಅದನ್ನು ಎಸೆಯಬೇಡಿ. ಬಣ್ಣ ಎಲ್ಲೆಡೆ ಒಂದೇ ಸಮ ಇದೆಯೇ ಎಂದು ನೋಡಿ.

ನಾಲ್ಕನೆಯ ಹೆಜ್ಜೆ: ಪಕ್ವತೆ

10 ಮಿಲಿ ಪಕ್ವತಾ ಮೀಡಿಯಾಕ್ಕೆ: ಅರ್ಲ್ ಲವಣ ಮತ್ತು ಬೈಕಾರ್ಬನೇಟ್ ಇರುವ ಟಿಸಿಎಂ-199 ಎಂಬ ಕೋಶಕೃಷಿ ದ್ರವ ಸುಮಾರು 9 ಮಿಲಿ, ಭ್ರೂಣಕರುವಿನ ಸೀರಮ್ 1 ಮಿಲಿ, ಸೋಡಿಯಂ ಪೈರುವೇಟ್ 220 ಮೈಕ್ರೊಗ್ರಾಂ, ಎಫ್‌ಎಸ್‌ಎಚ್ 5 ಮೈಕ್ರೊಗ್ರಾಂ, ಎಲ್‌ಎಚ್ 50 ಮೈಕ್ರೊಗ್ರಾಂ, ಎಸ್ಟ್ರಡೈಯಾಲ್ 10 ಮೈಕ್ರೊಗ್ರಾಂ, ಜೆಂಟಮೈಸಿನ್ 500 ಮೈಕ್ರೊಗ್ರಾಂ. ಇದಕ್ಕೆ 100 ಮೈಕ್ರೊಮೋಲಾರ್ ಸಿಸ್ಟಿಯಮೀನ್ ಸೇರಿಸುವುದು ಒಳ್ಳೆಯದು. ಹೈಡ್ರೊಕ್ಲೋರೈಡ್ ರೂಪದಲ್ಲಿ ತೂಗಿದರೆ 10 ಮಿಲಿಗೆ ಸುಮಾರು 114 ಮೈಕ್ರೊಗ್ರಾಂ. ಅಂಡಾಣು ಅದರಿಂದ ಗ್ಲುಟಾಥಯಾನ್ ಕಟ್ಟಿಕೊಂಡು, ಒಳಬಂದ ವೀರ್ಯಾಣುವಿನ ತಲೆಯನ್ನು ಸಡಿಲಿಸಲು ಬಳಸುತ್ತದೆ. ಎಸ್ಟ್ರಡೈಯಾಲ್ ಎಣ್ಣೆಗೆ ಸೋರಿಹೋಗುವ ವಸ್ತು. ಹಾಗಾಗಿ ಎಣ್ಣೆಯಡಿಯ ಸಣ್ಣ ಹನಿಗಿಂತ ಎಣ್ಣೆಯಿಲ್ಲದ ನಾಲ್ಕು ಬಾವಿಯ ಡಿಷ್‌ನಲ್ಲಿ, 500 ಮೈಕ್ರೊಲೀಟರ್‌ಗೆ 50 ಅಂಡಾಣುಗಳಂತೆ, ತೇವ ತುಂಬಿದ ಇನ್‌ಕ್ಯುಬೇಟರ್‌ನಲ್ಲಿ ಇಡುವುದು ಮೇಲು.

38.5 ಡಿಗ್ರಿ, 5 ಶೇಕಡ ಕಾರ್ಬನ್ ಡೈಆಕ್ಸೈಡ್, ಸಾಮಾನ್ಯ ಗಾಳಿ, 22ರಿಂದ 24 ಗಂಟೆ. ಆಮ್ಲಜನಕ ಇಳಿಸುವ ಉತ್ಸಾಹವನ್ನು ಈ ಹಂತದಲ್ಲಿ ತೋರಿಸಬೇಡಿ, ಅದು ಬೆಳೆಸುವ ಹಂತಕ್ಕೆ ಬೇಕು. ಸಮಯವನ್ನು ಹಿಂದಿನಿಂದ ಲೆಕ್ಕ ಹಾಕಿ. ನಾಳೆ ಬೆಳಗ್ಗೆ 11ಕ್ಕೆ ವೀರ್ಯಾಣು ಸೇರಿಸಬೇಕಾದರೆ ಇವತ್ತು ಮಧ್ಯಾಹ್ನ 12ರ ಆಸುಪಾಸಿನಲ್ಲಿ ಅಂಡಾಣು ಬಾವಿಯಲ್ಲಿರಬೇಕು. ಸಂಜೆ 4ಕ್ಕೆ ಇಟ್ಟು ಮರುದಿನ 10ಕ್ಕೇ ಫಲೀಕರಣ ಮಾಡಿದರೆ ಅದು 18 ಗಂಟೆಯ ಅರೆಪಕ್ವ ಅಂಡಾಣು. ಇತ್ತ 28 ಗಂಟೆ ದಾಟಿದರೆ ಅಂಡಾಣು ಮುದಿಯಾಗಿ, ಒಂದಕ್ಕಿಂತ ಹೆಚ್ಚು ವೀರ್ಯಾಣುವನ್ನು ತಡೆಯುವ ಶಕ್ತಿ ಕಳೆದುಕೊಳ್ಳುತ್ತದೆ.

ತಿಂಗಳಿಗೊಮ್ಮೆಯಾದರೂ 20 ಅಂಡಾಣುಗಳನ್ನು ಬಲಿಕೊಟ್ಟು, ಕ್ಯುಮುಲಸ್ ಬಿಡಿಸಿ, ಪಕ್ವವಾದ ಅಂಡಾಣು ಹೊರದೂಡುವ ಸಣ್ಣ ಕಣವಾದ ಧ್ರುವಕಾಯ ಎಣಿಸಿ. 80 ಶೇಕಡಕ್ಕಿಂತ ಹೆಚ್ಚಿರಬೇಕು. ಕ್ಯುಮುಲಸ್ ಚೆನ್ನಾಗಿ ಹರಡಿ ಅಂಟಂಟಾಗಿದ್ದರೂ ಧ್ರುವಕಾಯ ಕಾಣದಿರಬಹುದು, ಹರಡಿದ್ದನ್ನೇ ಪಕ್ವತೆಯ ಸಾಕ್ಷಿ ಎಂದುಕೊಳ್ಳಬೇಡಿ. ಹರಡದೇ ಇದ್ದರೆ ಮಾತ್ರ ಮೊದಲು ಎಫ್‌ಎಸ್‌ಎಚ್‌ ಬಾಟಲಿಯ ವಯಸ್ಸು ನೋಡಿ. ಕರಗಿಸಿ ಮತ್ತೆ ಮತ್ತೆ ಘನೀಕರಿಸಿದ ಹಾರ್ಮೋನು ಬರೀ ನೀರು.

ಐದನೆಯ ಹೆಜ್ಜೆ: ವೀರ್ಯಾಣು ಮತ್ತು ಫಲೀಕರಣ

ಘನೀಕರಿಸಿದ ವೀರ್ಯದ ಸ್ಟ್ರಾವನ್ನು 37 ಡಿಗ್ರಿ ನೀರಿನಲ್ಲಿ 30ರಿಂದ 40 ಸೆಕೆಂಡು ಕರಗಿಸಿ, ಒರೆಸಿ, ಕತ್ತರಿಸಿ. ಚುರುಕಾದ ವೀರ್ಯಾಣುವನ್ನು ಬೇರ್ಪಡಿಸುವ ಸಾಂದ್ರ ದ್ರವವಾದ ಪರ್ಕಾಲ್ 90 ಶೇಕಡದ್ದು ಕೆಳಗೆ, 45 ಶೇಕಡ ಮೇಲೆ ಪದರ ಕಟ್ಟಿದ ಕೊಳವೆಯ ಮೇಲೆ ಮೆಲ್ಲಗೆ ಬಿಟ್ಟು, 700 ಜಿಯಲ್ಲಿ (ಗುರುತ್ವದ 700 ಪಟ್ಟು ಬಲದಲ್ಲಿ) 10 ನಿಮಿಷ ತಿರುಗಿಸಿ. ಮೇಲಿನದ್ದೆಲ್ಲ ತೆಗೆದು, ತಳದ ಗಟ್ಟಿಯನ್ನು ವೀರ್ಯಾಣು ತೊಳೆಯುವ ಟಾಲ್ಪ್ ಎಂಬ ಮೀಡಿಯಾದಲ್ಲಿ ಕಲಸಿ 300 ಜಿಯಲ್ಲಿ 5 ನಿಮಿಷ. ಇಲ್ಲಿ ನಿಮಿಷಕ್ಕೆ ಎಷ್ಟು ಸುತ್ತು ಎಂಬುದನ್ನು ಇನ್ನೊಬ್ಬರಿಂದ ಕೇಳಿ ಇಡುವುದು ದೊಡ್ಡ ತಪ್ಪು. ರೋಟರ್ ತ್ರಿಜ್ಯ 15 ಸೆಂಟಿಮೀಟರ್ ಇದ್ದರೆ 700 ಜಿ ಎಂದರೆ ಸುಮಾರು 2040 ಸುತ್ತು, 300 ಜಿ ಎಂದರೆ 1340. ತ್ರಿಜ್ಯ ಬದಲಾದರೆ ಇದೂ ಬದಲು. ಪರ್ಕಾಲ್ ಅನ್ನು ಪೂರ್ತಿ ತೊಳೆಯದಿದ್ದರೆ ಅದು ಅಂಡಾಣುವಿಗೆ ಹಿತವಲ್ಲ.

ಈಗ ಎಣಿಕೆ. ತಳದಿಂದ ಸ್ವಲ್ಪ ತೆಗೆದು 20 ಪಟ್ಟು ತೆಳುಮಾಡಿ, ನ್ಯೂಬವರ್ ಗಾಜಿನ ನಡುವಿನ 25 ಚೌಕಗಳಲ್ಲಿ 5ನ್ನು ಎಣಿಸಿ. 40 ಸಿಕ್ಕವು ಎನ್ನಿ. 40ನ್ನು 5ರಿಂದ ಗುಣಿಸಿದರೆ 200. ಅದನ್ನು 10,000ದಿಂದಲೂ 20ರಿಂದಲೂ ಗುಣಿಸಿದರೆ ಮಿಲಿಗೆ 4 ಕೋಟಿ, ಅಂದರೆ ಮೈಕ್ರೊಲೀಟರ್‌ಗೆ 40,000. ಫಲೀಕರಣ ಹನಿಯಲ್ಲಿ ನಮಗೆ ಬೇಕಿರುವುದು ಮಿಲಿಗೆ 10 ಲಕ್ಷ. 100 ಮೈಕ್ರೊಲೀಟರ್ ಹನಿಗೆ 1 ಲಕ್ಷ. ಅಂದರೆ ಪ್ರತಿ ಹನಿಗೆ 2.5 ಮೈಕ್ರೊಲೀಟರ್. ಈ ಲೆಕ್ಕವನ್ನು ಅಂದಾಜಿನಲ್ಲಿ ಮುಗಿಸುವ ಪ್ರಯೋಗಾಲಯದಲ್ಲಿ ವಿಭಜನೆಯ ಪ್ರಮಾಣ ವಾರಕ್ಕೊಂದು ಥರ ಇರುತ್ತದೆ.

ಫಲೀಕರಣದ ಟಾಲ್ಪ್‌ನಲ್ಲಿ ಗ್ಲೂಕೋಸ್ ಇರುವುದಿಲ್ಲ, ಬೇಕೆಂದೇ ಬಿಟ್ಟಿರುವುದು. ವೀರ್ಯಾಣುವನ್ನು ಫಲೀಕರಣಕ್ಕೆ ಹದಗೊಳಿಸುವ ಹೆಪಾರಿನ್‌ನ ಕೆಲಸಕ್ಕೆ ಗ್ಲೂಕೋಸ್ ಅಡ್ಡ ಬರುತ್ತದೆ. ಹೆಪಾರಿನ್ ಮಿಲಿಗೆ 10 ಮೈಕ್ರೊಗ್ರಾಂ, ಕೊಬ್ಬಿನಾಮ್ಲ ತೆಗೆದ ಆಲ್ಬುಮಿನ್ 6 ಮಿಲಿಗ್ರಾಂ, ಜೊತೆಗೆ ಪೆನಿಸಿಲಮೀನ್ 20, ಹೈಪೊಟಾರಿನ್ 10, ಎಪಿನೆಫ್ರಿನ್ 1 ಮೈಕ್ರೊಮೋಲಾರ್. ಈ ಕೊನೆಯ ಮೂರರ ಮಿಶ್ರಣ ಬೆಳಕಿಗೆ ಕೆಡುತ್ತದೆ. ಸಣ್ಣ ಕೊಳವೆಗಳಲ್ಲಿ ಹಂಚಿ, ಫಾಯಿಲ್ ಸುತ್ತಿ, ಮೈನಸ್ 20ರಲ್ಲಿ ಇಡಿ. ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಎಸೆಯಿರಿ. ಉಳಿದದ್ದನ್ನು ಮತ್ತೆ ಘನೀಕರಿಸಬೇಡಿ. ಒಂದು ಹನಿಗೆ 20ರಿಂದ 25 ಅಂಡಾಣು, ಒಟ್ಟಿಗೆ 18ರಿಂದ 20 ಗಂಟೆ.

ಹೋರಿಯ ವಿಷಯದಲ್ಲಿ ಅನುಭವಿಗಳೂ ಮೋಸ ಹೋಗುತ್ತಾರೆ. ಕೃತಕ ಗರ್ಭಧಾರಣೆಯಲ್ಲಿ ಚೆನ್ನಾಗಿ ಗಬ್ಬ ಕಟ್ಟಿಸುವ ಹೋರಿ ಡಿಷ್‌ನಲ್ಲಿ ನೆಲಕಚ್ಚಬಹುದು. ಹೊಸ ಹೋರಿ ಬಂದಾಗ ಕಸಾಯಿಖಾನೆಯ ಅಂಡಾಣುಗಳ ಮೇಲೆ ಮಿಲಿಗೆ 5, 10, 20 ಲಕ್ಷ ವೀರ್ಯಾಣು ಮತ್ತು ಹೆಪಾರಿನ್ 5, 10, 20 ಮೈಕ್ರೊಗ್ರಾಂ ಹೀಗೆ ಜೋಡಿಸಿ ನೋಡಿ, ಅವನದೇ ಚೀಟಿ ಬರೆದಿಡಿ. ಬೆಲೆಬಾಳುವ ದಾನಿಯ ಎಂಟು ಅಂಡಾಣುಗಳ ಮೇಲೆ ಹೊಸ ಹೋರಿಯನ್ನು ಪರೀಕ್ಷಿಸುವುದು ಜೂಜು. ಲಿಂಗ ಬೇರ್ಪಡಿಸಿದ ವೀರ್ಯದ ಸ್ಟ್ರಾದಲ್ಲಿ ಮೊದಲೇ ಸಂಖ್ಯೆ ಕಡಿಮೆ, ಯಂತ್ರದ ಮೂಲಕ ಹಾದು ಅರ್ಧ ಹದಗೊಂಡೂ ಇರುತ್ತದೆ. ಸಣ್ಣ ಪರ್ಕಾಲ್ ಪದರ ಬಳಸಿ, ತಡಮಾಡದೆ ಸೇರಿಸಿ, ಹೆಪಾರಿನ್ ಕಡಿಮೆ ಮಾಡಿ ನೋಡಿ.

ಬಹು ವೀರ್ಯಾಣು ಪ್ರವೇಶ ವಿಭಜನೆಯ ಎಣಿಕೆಯಲ್ಲಿ ಕಾಣುವುದಿಲ್ಲ, ಅಂಥ ಅಂಡಾಣುವೂ ಒಡೆಯುತ್ತದೆ. 18 ಗಂಟೆಯಾದಾಗ 20 ಅಂಡಾಣು ತೆಗೆದು, ಬಿಡಿಸಿ, ಹೆಕ್ಸ್ಟ್ ಬಣ್ಣ ಹಾಕಿ ನೋಡಿ. ಎರಡು ಪ್ರೋನ್ಯೂಕ್ಲಿಯಸ್ (ಅಂಡಾಣುವಿನದೊಂದು, ವೀರ್ಯಾಣುವಿನದೊಂದು ಕೋಶಕೇಂದ್ರ) ಇದ್ದರೆ ಸರಿ, ಮೂರು ಅಥವಾ ಹೆಚ್ಚಿದ್ದರೆ ಬಹುಪ್ರವೇಶ. ಅದು ನೂರಕ್ಕೆ ಹತ್ತು ದಾಟಿದರೆ ವೀರ್ಯಾಣು ಅಥವಾ ಹೆಪಾರಿನ್ ಇಳಿಸಿ.

ತಪ್ಪು ವೀರ್ಯಾಣುವಿನದೋ ಅಂಡಾಣುವಿನದೋ ಎಂಬ ಜಗಳ ಬಿಡಿಸಲು ಒಂದು ಅಚ್ಚುಕಟ್ಟಾದ ಉಪಾಯವಿದೆ. ಪಕ್ವವಾದ ಕೆಲವು ಅಂಡಾಣುಗಳನ್ನು ವೀರ್ಯಾಣುವಿಲ್ಲದೆಯೇ 5 ಮೈಕ್ರೊಮೋಲಾರ್ ಅಯೊನೊಮೈಸಿನ್‌ನಲ್ಲಿ 5 ನಿಮಿಷ, ಆಮೇಲೆ 2 ಮಿಲಿಮೋಲಾರ್ 6-ಡಿಎಂಎಪಿಯಲ್ಲಿ 3ರಿಂದ 4 ಗಂಟೆ ಇಟ್ಟು ಎಚ್ಚರಿಸಿ, ಉಳಿದವುಗಳ ಜೊತೆ ಬೆಳೆಸಿ. ಇವು ಚೆನ್ನಾಗಿ ಬ್ಲಾಸ್ಟೊಸಿಸ್ಟ್ ಆಗಿ, ಫಲೀಕರಿಸಿದವು ಆಗದಿದ್ದರೆ ವೀರ್ಯಾಣುವಿನ ಕಡೆ ನೋಡಿ. ಎರಡೂ ಸೋತರೆ ಅಂಡಾಣು ಅಥವಾ ಬೆಳೆಸುವ ವಾತಾವರಣ.

ಆರನೆಯ ಹೆಜ್ಜೆ: ಬೆಳೆಸುವುದು

18ರಿಂದ 20 ಗಂಟೆಯ ನಂತರ ಅಂಡಾಣುಗಳನ್ನು 15 ಮಿಲಿ ಕೊಳವೆಯಲ್ಲಿ ಅರ್ಧ ಮಿಲಿ ಹೆಪಿಸ್ ಮೀಡಿಯಾದೊಂದಿಗೆ 2ರಿಂದ 3 ನಿಮಿಷ ವೋರ್ಟೆಕ್ಸ್ ಮಾಡಿ ಕ್ಯುಮುಲಸ್ ಕಳಚಿ. ಕೊಳವೆಯ ಗೋಡೆಗೆ ಅಂಟಿದವನ್ನು ಮರೆಯದೆ ತೊಳೆದುಕೊಳ್ಳಿ. ಅಲ್ಲೇ ನಾಲ್ಕೈದು ಕಳೆದುಹೋಗುವುದುಂಟು. ಮೂರು ಸಲ ತೊಳೆದು ಅಮೈನೋ ಆಮ್ಲ ಸೇರಿಸಿದ ಎಸ್‌ಒಎಫ್ ಮೀಡಿಯಾಕ್ಕೆ ಹಾಕಿ. ಕುರಿಯ ಅಂಡನಾಳದ ದ್ರವವನ್ನು ವಿಶ್ಲೇಷಿಸಿ 1972ರಲ್ಲಿ ರೂಪಿಸಿದ ಸೂತ್ರವದು. ಅರ್ಧ ಶತಮಾನವಾದರೂ ಹಸುವಿನ ಭ್ರೂಣಕ್ಕೆ ಬಹುತೇಕರು ನೆಚ್ಚಿರುವುದು ಅದರ ಮಾರ್ಪಾಡುಗಳನ್ನೇ.

50 ಮೈಕ್ರೊಲೀಟರ್ ಹನಿಗೆ 20ರಿಂದ 25 ಭ್ರೂಣ. ಭ್ರೂಣಗಳು ಒಂದಕ್ಕೊಂದು ಬೆಳವಣಿಗೆಯ ಅಂಶಗಳನ್ನು ಒದಗಿಸುತ್ತವೆ, ಒಂಟಿಯಾದರೆ ಸೊರಗುತ್ತವೆ. ಒಬ್ಬ ದಾನಿಯ ಐದೇ ಇದ್ದರೆ ಹನಿಯನ್ನು 10 ಮೈಕ್ರೊಲೀಟರ್‌ಗೆ ಇಳಿಸಿ, ಎಣ್ಣೆ ಇನ್ನೂ ಜಾಗರೂಕತೆಯಿಂದ ಹಾಕಿ.

ಅನಿಲ ಇಲ್ಲಿ 5 ಶೇಕಡ ಕಾರ್ಬನ್ ಡೈಆಕ್ಸೈಡ್, 5 ಶೇಕಡ ಆಮ್ಲಜನಕ, 90 ಶೇಕಡ ಸಾರಜನಕ. ಗಾಳಿಯ 20 ಶೇಕಡ ಆಮ್ಲಜನಕದಲ್ಲಿ ಕ್ಯುಮುಲಸ್ ಇಲ್ಲದ ಭ್ರೂಣ ಬೆಂದುಹೋಗುತ್ತದೆ. ಮೂರು ಅನಿಲದ ಇನ್‌ಕ್ಯುಬೇಟರ್ ಇಲ್ಲದವರು ಬೆರೆಸಿದ ಸಿಲಿಂಡರ್‌ನಿಂದ ತುಂಬಿದ ಮುಚ್ಚುವ ಪೆಟ್ಟಿಗೆಯನ್ನು ಸಾಮಾನ್ಯ ಇನ್‌ಕ್ಯುಬೇಟರ್‌ನೊಳಗೆ ಇಡಬಹುದು. ಈ ಒಂದು ಬದಲಾವಣೆಯಿಂದ ಸಿಗುವ ಲಾಭ ಯಾವ ದುಬಾರಿ ಮೀಡಿಯಾದಿಂದಲೂ ಸಿಗುವುದಿಲ್ಲ.

ಅಮೈನೋ ಆಮ್ಲಗಳು, ಮುಖ್ಯವಾಗಿ ಗ್ಲುಟಮಿನ್, 38.5 ಡಿಗ್ರಿಯಲ್ಲಿ ಒಡೆದು ಅಮೋನಿಯಾ ಬಿಡುತ್ತವೆ. ಸ್ಥಿರವಾದ ಅಲನೈಲ್-ಗ್ಲುಟಮಿನ್ ಬಳಸಿ, 3 ಮತ್ತು 5ನೆಯ ದಿನ ಅರ್ಧ ಮೀಡಿಯಾ ಬದಲಿಸಿ. ಈ ಎರಡು ದಿನ ಬಿಟ್ಟರೆ ಬಾಗಿಲು ತೆರೆಯಬೇಡಿ. ದಿನಾ ಇಣುಕಿ ನೋಡಿದರೆ ಭ್ರೂಣ ಬೆಳೆಯುವುದಿಲ್ಲ.

ಸೀರಮ್ ಹಾಕಿದರೆ ಬ್ಲಾಸ್ಟೊಸಿಸ್ಟ್ ಬೇಗ ಬರುತ್ತವೆ, ನೋಡಲು ದೊಡ್ಡವಾಗಿರುತ್ತವೆ. ಒಳಗೆ ಕೊಬ್ಬು ತುಂಬಿ ಕಪ್ಪಾಗಿ ಘನೀಕರಣದಲ್ಲಿ ಸಾಯುತ್ತವೆ, ಮತ್ತು ಅತಿ ದೊಡ್ಡ ಕರು ಹುಟ್ಟಿ ಹೆರಿಗೆ ಕಷ್ಟವಾಗುವ ತೊಂದರೆಗೂ ಸೀರಮ್ ಬಳಕೆಗೂ ನಂಟಿದೆ. ಕೊಬ್ಬಿನಾಮ್ಲ ತೆಗೆದ ಆಲ್ಬುಮಿನ್ ಮಿಲಿಗೆ 4ರಿಂದ 8 ಮಿಲಿಗ್ರಾಂ ಸಾಕು.

ಎರಡು ಮೂರನೆಯ ದಿನ ಹನಿ ಹಳದಿಯಾಗಿ ಮಬ್ಬಾದರೆ ಬ್ಯಾಕ್ಟೀರಿಯಾ. ಓಪಿಯು ವೇಳೆ ಯೋನಿಯನ್ನು ಸರಿಯಾಗಿ ತೊಳೆದಿಲ್ಲ ಅಥವಾ ವೀರ್ಯದಿಂದ ಬಂದಿದೆ. ಎರಡನ್ನೂ ಬೇರ್ಪಡಿಸಿ ತಿಳಿಯಲು ವೀರ್ಯಾಣು ಸೇರಿಸದ ಒಂದು ಹನಿಯನ್ನು ಪ್ರತಿ ಬ್ಯಾಚಿನಲ್ಲೂ ಇಡುವ ರೂಢಿ ಮಾಡಿಕೊಳ್ಳಿ.

ಏಳನೆಯ ದಿನ ಮತ್ತು ಆಚೆಗೆ

ಅಂತರರಾಷ್ಟ್ರೀಯವಾಗಿ ಬಳಸುವ ಸಂಕೇತದಲ್ಲಿ ಹಂತಕ್ಕೆ 1ರಿಂದ 9, ಗುಣಕ್ಕೆ 1ರಿಂದ 4 ಅಂಕಿ ಇದೆ. ಕೂಡಿಕೊಂಡ ಮೊರುಲಾ (ಕೋಶಗಳ ಉಂಡೆ) 4, ಎಳೆಯ ಬ್ಲಾಸ್ಟೊಸಿಸ್ಟ್ 5, ಬ್ಲಾಸ್ಟೊಸಿಸ್ಟ್ 6, ಹಿಗ್ಗಿದ್ದು 7. ಗುಣ 1 ಎಂದರೆ ಕೋಶಗಳ ಕನಿಷ್ಠ 85 ಶೇಕಡ ಅಖಂಡ, 2 ಎಂದರೆ 50 ಶೇಕಡ, 3 ಎಂದರೆ 25, 4 ಸತ್ತದ್ದು. ವೇಗವಾಗಿ ಬೆಳೆದವನ್ನೇ ಆರಿಸುವಾಗ ಗಂಡು ಭ್ರೂಣಗಳ ಕಡೆ ತಕ್ಕಡಿ ವಾಲುವುದುಂಟು, ಹೆಣ್ಣುಕರು ಬೇಕಾದವರು ನೆನಪಿಡಬೇಕು.

ರೋಗಮುಕ್ತ ಎಂದು ಸಾಗಿಸಬೇಕಾದರೆ ಝೋನಾ, ಅಂದರೆ ಹೊರಕವಚ, ಪೂರ್ತಿಯಾಗಿರುವ ಭ್ರೂಣಗಳನ್ನು ಹತ್ತಕ್ಕಿಂತ ಹೆಚ್ಚಿಲ್ಲದ ಗುಂಪುಗಳಲ್ಲಿ ಹತ್ತು ಸಲ ತೊಳೆಯಿರಿ. ಪ್ರತಿ ತೊಳೆತದಲ್ಲೂ ಹಿಂದಿನದು ನೂರರಲ್ಲೊಂದು ಪಾಲಿಗೆ ಇಳಿಯಬೇಕು, ಪ್ರತಿ ಸಲ ಹೊಸ ಪಿಪೆಟ್.

ತಾಜಾ ವರ್ಗಾವಣೆಯಾದರೆ ಬೆದೆಯಾಗಿ 7 ದಿನವಾದ ಹಸು, ಒಂದು ದಿನ ಹಿಂದೆ ಮುಂದೆ ನಡೆಯುತ್ತದೆ. ನೇರ ವರ್ಗಾವಣೆಗೆ ಘನೀಕರಿಸುವುದಾದರೆ 1.5 ಮೋಲಾರ್ ಎಥಿಲೀನ್ ಗ್ಲೈಕಾಲ್, ಮೈನಸ್ 6ರಲ್ಲಿ ಹರಳು ಮೂಡಿಸಿ 10 ನಿಮಿಷ ಹಿಡಿದು, ನಿಮಿಷಕ್ಕೆ 0.5 ಡಿಗ್ರಿಯಂತೆ ಮೈನಸ್ 32ರಿಂದ 35ರವರೆಗೆ ಇಳಿಸಿ ದ್ರವ ಸಾರಜನಕಕ್ಕೆ ಹಾಕಿ. ಗುಣ 1ರ ಭ್ರೂಣಕ್ಕೆ ಮಾತ್ರ ಇದು. ಡಿಷ್‌ನಲ್ಲಿ ಬೆಳೆದ ಭ್ರೂಣ ಹಸುವಿನ ಗರ್ಭದಲ್ಲಿ ಬೆಳೆದದ್ದರಷ್ಟು ನಿಧಾನ ಘನೀಕರಣ ತಾಳುವುದಿಲ್ಲ. ಕೈ ಪಳಗಿದ್ದರೆ ವಿಟ್ರಿಫಿಕೇಶನ್, ಅಂದರೆ ಹರಳು ಕಟ್ಟದಂತೆ ಗಾಜಿನ ಹಾಗೆ ಕ್ಷಣದಲ್ಲಿ ಘನೀಕರಿಸುವುದು, ಮೇಲು. ಎಥಿಲೀನ್ ಗ್ಲೈಕಾಲ್ ಮತ್ತು ಡಿಎಂಎಸ್‌ಒ ಮೊದಲು ತಲಾ 7.5 ಶೇಕಡ, ಆಮೇಲೆ ಅರ್ಧ ಮೋಲಾರ್ ಸುಕ್ರೋಸ್ ಜೊತೆ ತಲಾ 15 ಶೇಕಡ. ಎರಡನೆಯ ದ್ರವದಲ್ಲಿ ಇಟ್ಟದ್ದರಿಂದ ಸಾರಜನಕಕ್ಕೆ ಮುಳುಗಿಸುವತನಕ ಒಂದು ನಿಮಿಷ ಮೀರಕೂಡದು.

ಬದಲಾವಣೆ ಪರೀಕ್ಷಿಸುವ ಬಗೆ

ಹೊಸ ಮೀಡಿಯಾ, ಹೊಸ ಎಣ್ಣೆ, ಹೊಸ ಸಮಯ, ಯಾವುದನ್ನೇ ತಂದರೂ ಒಮ್ಮೆಗೆ ಒಂದನ್ನೇ ತನ್ನಿ. ಒಂದೇ ದಿನದ ಅಂಡಾಣುಗಳನ್ನು ದರ್ಜೆ ನೋಡಿ ಎರಡು ಪಾಲು ಮಾಡಿ, ಒಂದು ಹಳೆಯದಕ್ಕೆ, ಒಂದು ಹೊಸದಕ್ಕೆ, ಅದೇ ಹೋರಿ, ಅದೇ ತಟ್ಟೆ. ಕಳೆದ ವಾರದ ಫಲಿತಾಂಶಕ್ಕೆ ಈ ವಾರದ್ದನ್ನು ಹೋಲಿಸಿದರೆ ನೀವು ಹೋಲಿಸುತ್ತಿರುವುದು ಅಂಡಾಶಯಗಳನ್ನು. ಸಂಖ್ಯೆಯಲ್ಲೂ ಆತುರ ಬೇಡ. 30 ಶೇಕಡ ನಿಜಕ್ಕೂ 40 ಆಯಿತೇ ಎಂದು ನೂರಕ್ಕೆ ಎಂಬತ್ತರಷ್ಟು ಖಚಿತವಾಗಿ ಹಿಡಿಯಬೇಕಾದರೆ ಪ್ರತಿ ಪಾಲಿಗೆ ಸುಮಾರು 350 ಅಂಡಾಣು ಬೇಕು. ಎರಡು ಡಿಷ್‌ಗಳಲ್ಲಿ 25ಕ್ಕೆ 7 ಮತ್ತು 25ಕ್ಕೆ 10 ಬಂದದ್ದನ್ನು ನೋಡಿ ಬಾಟಲಿ ಎಸೆಯಬೇಡಿ. ಅಷ್ಟು ಅಂತರ ಅದೇ ಮೀಡಿಯಾದ ಎರಡು ಹನಿಗಳ ನಡುವೆಯೂ ಇರುತ್ತದೆ.